ಕೆಳಗೆ ಪ್ಲಸ್, ಮೇಲೆ ಮೈನಸ್

ಚಿನ್ನದ ಗಣಿಯ ಊರಾದ ಊರಿಗಾಂನ ಒಂದು ಕಾಲೇಜಿಗೆ ಭೌತಶಾಸ್ತ್ರದ ಮೌಖಿಕ ಪರೀಕ್ಷೆಗೆ ಹೊರಗಿನ ಪರೀಕ್ಷಕನಾಗಿ ಹೋಗಿದ್ದೆ. ಎರಡನೇ ಸಲ ಪರೀಕ್ಷೆಗೆ ಕೂತಿದ್ದ ಹುಡುಗಿಯೊಬ್ಬಳು ಬೋರ್ಡಿನ ಮುಂದೆ ನಿಂತಿದ್ದಳು. ಈ ಸಲವೂ ಫೇಲಾದರೆ ಸಿಕ್ಕಿದ್ದ ನರ್ಸಿಂಗ್ ಸೀಟು ಹೋಗುತ್ತಿತ್ತು. ಬಾವಿಯ ಅಂಚಿನಿಂದ ಮೇಲಕ್ಕೆ ಎಸೆದ ಕಲ್ಲು ತಳ ಮುಟ್ಟಲು ಎಷ್ಟು ಹೊತ್ತು ಬೇಕು ಎಂಬುದು ಲೆಕ್ಕ. ಅವಳು ಕೆಳಮುಖವಾಗಿ ಬಾಣ ಬರೆದು, ಪಕ್ಕದಲ್ಲಿ ಪ್ಲಸ್ ಹಾಕಿ, ಎಸೆದ ವೇಗಕ್ಕೆ ಮೈನಸ್ ಕೊಟ್ಟು, ಸರಿಯಾದ ಉತ್ತರ ತೆಗೆದಳು.

ಅಲ್ಲಿನ ಲೆಕ್ಚರರು ಹೌಹಾರಿದರು. "ಗುರುತ್ವಕ್ಕೆ ಪ್ಲಸ್ಸಾ? ಮೈನಸ್ ಅಂತ ವರ್ಷವಿಡೀ ಬಾಯಿಪಾಠ ಮಾಡ್ಸಿದ್ದೀನಿ ಸಾರ್. ಸೊನ್ನೆ ಹಾಕಿ."

"ಯಾಕಮ್ಮ, ಕೆಳಗಡೆ ಪ್ಲಸ್?" ಎಂದು ಅವಳನ್ನೇ ಕೇಳಿದೆ.

"ನಮ್ಮ ತಾತ ಗಣೀಲಿದ್ರು ಸಾರ್. ಅಲ್ಲಿ ಕೆಳಕ್ಕೋದಂಗೆಲ್ಲ ಲೆವೆಲ್ ನಂಬರು ಜಾಸ್ತಿ ಆಗ್ತದೆ. ನಮ್ಮನೇಲಿ ಎಲ್ರೂ ಅಂಗೇ ಎಣಿಸೋದು."

"ಗಣಿ ಮುಚ್ಚೋಯ್ತಲ್ಲಮ್ಮ!" ಅಂದರು ಲೆಕ್ಚರರು.

ಗಣಿಯ ಜೊತೆಗೆ ಕೆಳಗಿನ ದಿಕ್ಕಿಗೂ ಬೀಗ ಬಿದ್ದಿದೆ ಎಂಬುದು ನನಗೆ ತಿಳಿದಿರಲಿಲ್ಲ.

ಯಾವ ದಿಕ್ಕನ್ನು ಪ್ಲಸ್ ಅನ್ನಬೇಕು ಎಂಬುದು ಲೆಕ್ಕ ಮಾಡುವವರ ಇಷ್ಟ. ಒಮ್ಮೆ ಹಿಡಿದದ್ದನ್ನು ಕೊನೆಯವರೆಗೆ ಬಿಡಬಾರದು, ಅಷ್ಟೇ. ಅವಳು ಬಿಟ್ಟಿರಲಿಲ್ಲ. ಪೂರ್ತಿ ಅಂಕ ಹಾಕಿ, ಹಾಳೆಯನ್ನು ಲೆಕ್ಚರರ ಮುಂದೆ ತಳ್ಳಿದೆ.

ಸಹಿ ಮಾಡುತ್ತಾ ಅವರು ಗೊಣಗಿದರು: "ಇಷ್ಟು ಸಲಿಗೆ ಕೊಟ್ರೆ ನಾಳೆ ಎಡಗಡೇನೂ ಪ್ಲಸ್ ಅಂತಾರೆ ಸಾರ್."

ಅಂಥ ಅನಾಹುತವನ್ನೂ ಭೂಮಿ ತಡೆದುಕೊಂಡೀತು ಎಂಬ ಧೈರ್ಯದ ಮೇಲೆ ಬಂಗಾರಪೇಟೆಯ ಬಸ್ಸು ಹತ್ತಿದೆ.