ನಡುಗುವ ಲಾರಿಯಲ್ಲಿ ಸೊಕ್ಕೆಯಿಂದ ಉಬ್ರಾಣಿಗೆ

ಸೊಕ್ಕೆಯಿಂದ ನಾವು ಹೊರಟಾಗ ಬೆಳಗಿನ ಐದೂವರೆ. ನಾವು ಎಂದರೆ ನಾನು, ನನ್ನ ಮಗ ಹಾಲೇಶ, ಮತ್ತು ಹೊಸ ಲಾರಿ. ಲಾರಿಯನ್ನೂ ಲೆಕ್ಕಕ್ಕೆ ಸೇರಿಸಿದ್ದೇಕೆಂದರೆ ಆ ಎರಡು ದಿನ ನಮ್ಮಿಬ್ಬರಿಗಿಂತ ಹೆಚ್ಚು ಸದ್ದು ಮಾಡಿದ್ದು ಅದೇ. ಮಕ್ಕಳೇ, ನಿಮ್ಮಲ್ಲಿ ಇಬ್ಬರಿಗೆ ಹಾಲೇಶ ಅಪ್ಪ, ಉಳಿದ ಮೂವರಿಗೆ ಮಾವ. ಅವನು ಈ ಪ್ರಯಾಣದ ಕಥೆಯನ್ನು ನಿಮಗೆ ಬೇರೆ ರೀತಿ ಹೇಳಿರಬಹುದು. ನಡೆದದ್ದು ಹೀಗೆ.

ಲಾರಿ ನನ್ನ ಹೆಸರಿನಲ್ಲಿದೆ. ಓಡಿಸುವವನು ಅವನು, ಕಾಗದದಲ್ಲಿ ಮಾಲೀಕಳು ನಾನು. ಕೊಂಡು ತಿಂಗಳಾಗಿರಲಿಲ್ಲ, ವೇಗ ಐವತ್ತು ಮುಟ್ಟಿದರೆ ಸಾಕು, ಮೈಯೆಲ್ಲ ನಡುಗುತ್ತಿತ್ತು. ಉಬ್ರಾಣಿಯ ಕೋಳಿ ಫಾರಂ ಬಸಣ್ಣನವರ ಮೊಟ್ಟೆಗಳನ್ನು ವಾರಕ್ಕೆರಡು ಸಲ ಜಗಳೂರಿನ ಅಂಗಡಿಗಳಿಗೆ ತರುವ ಕೆಲಸ ಹಾಲೇಶನಿಗೆ ಸಿಕ್ಕಿತ್ತು. ಆ ಕೆಲಸ ನಂಬಿಕೊಂಡೇ ಲಾರಿ ಕೊಂಡದ್ದು. ಮೊದಲ ಲೋಡಿನಲ್ಲೇ ಮೇಲಿನ ಟ್ರೇಗಳಿಂದ ಹಳದಿ ಸೋರಿ ಕೆಳಗಿನವು ಮಿಂದುಹೋದವು. ಬಸಣ್ಣನವರು ಫೋನಿನಲ್ಲಿ, "ಹಾಲೇಶಪ್ಪ, ನಾನು ಮೊಟ್ಟೆ ಕಳಿಸಿದ್ರೆ ನೀನು ಆಮ್ಲೆಟ್ ಮುಟ್ಟಿಸ್ತೀಯಲ್ಲೋ. ಗುರುವಾರ ಇನ್ನೊಂದು ಲೋಡ್ ಕೊಡ್ತೀನಿ. ಅದೂ ಹಿಂಗೇ ಆದ್ರೆ ಬೇರೆ ಗಾಡಿ ನೋಡ್ಕಂತೀನಿ," ಎಂದಿದ್ದರು. ನಾವು ಹೊರಟದ್ದು ಬುಧವಾರ. ಹೊನ್ನಾಳಿಯ ಷೋರೂಮಿನವರು, ಮಾಲೀಕರೇ ಬಂದು ಸಹಿ ಹಾಕದಿದ್ದರೆ ದೂರು ತೆಗೆದುಕೊಳ್ಳುವುದಿಲ್ಲ ಎಂದಿದ್ದರಿಂದ ನಾನು ಹೋಗಲೇಬೇಕಾಯಿತು. ಶಾಲೆಯಲ್ಲಿ ಹಾಜರಿ ಕೂಗಿದಾಗಲೂ ಪಕ್ಕದವಳ ಕೈಯಲ್ಲಿ "ಬಂದಿದ್ದಾಳೆ ಸಾರ್" ಅನ್ನಿಸುತ್ತಿದ್ದವಳು ನಾನು.

ಇಲ್ಲಿ ಒಂದು ವಿಷಯ ಹೇಳಿಬಿಡುತ್ತೇನೆ. ಲಾರಿ ಮನೆಗೆ ಬಂದ ದಿನ ಎಲ್ಲರೂ ಗಾಲಿಯ ಕೆಳಗೆ ನಿಂಬೆಹಣ್ಣು ಇಟ್ಟರು, ಕುಂಬಳಕಾಯಿ ಒಡೆದರು. ನನಗೆ ಅಷ್ಟಕ್ಕೆ ಸಮಾಧಾನವಾಗಲಿಲ್ಲ. ನಮ್ಮ ಮನೆಗೆ ಹೊಸದಾಗಿ ಬಂದ ಯಾವ ಜೀವಕ್ಕೂ ನಾನು ಉಡಿದಾರ ಕಟ್ಟದೆ ಬಿಟ್ಟಿಲ್ಲ. ಹಾಲೇಶನನ್ನು, "ಲಾರಿಗೆ ಸೊಂಟ ಅಂತ ಎಲ್ಲಿ ಬರ್ತೈತೆ?" ಎಂದು ಕೇಳಿದೆ. ಅವನು ನಕ್ಕು, "ಇಂಜಿನ್ನಿಂದ ಹಿಂದಿನ ಗಾಲಿಗೆ ಉದ್ದಕ್ಕೊಂದು ದಂಡ ಹೋಗ್ತೈತಲ್ಲವ್ವ, ಅದೇ ಸೊಂಟ," ಎಂದು ತೋರಿಸಿ ಮರೆತುಬಿಟ್ಟ. ಮಾರನೆಯ ಬೆಳಿಗ್ಗೆ ಯಾರೂ ಏಳುವ ಮೊದಲು ನಾನು ಲಾರಿಯ ಕೆಳಗೆ ನುಸುಳಿದೆ. ನಿಮ್ಮ ಅಜ್ಜ ಕೊನೆಗೆ ಸಾಕಿದ ಎತ್ತುಗಳ ನಾಲ್ಕು ಲಾಳ ನನ್ನ ಪೆಟ್ಟಿಗೆಯಲ್ಲಿದ್ದವು. ಆ ಎತ್ತುಗಳು ಒಂದು ದಿನವೂ ದಾರಿಯಲ್ಲಿ ಮುಗ್ಗರಿಸಿದವಲ್ಲ. ಲಾಳಗಳನ್ನು ಕರಿ ಬಟ್ಟೆಯಲ್ಲಿ ಸುತ್ತಿ, ಕರಿ ದಾರದಲ್ಲಿ ಆ ದಂಡಕ್ಕೆ ಕಟ್ಟಿ, ದಾರ ಹರಿದೀತೆಂದು ಮೇಲೆ ಬೇಲಿಯ ತಂತಿಯಿಂದ ನಾಲ್ಕು ಸುತ್ತು ಬಿಗಿದೆ. ಯಾರಿಗೂ ಹೇಳಲಿಲ್ಲ. ಲಾರಿ ನಡುಗಲು ಶುರುವಾದಾಗ, ಅದನ್ನು ಕಟ್ಟದಿದ್ದರೆ ಇನ್ನೇನಾಗುತ್ತಿತ್ತೋ ಎಂದುಕೊಂಡೆ.

ಚಳಿ ಹಿತವಾಗಿತ್ತು. ಜಗಳೂರು ದಾಟುವವರೆಗೂ ರಸ್ತೆಯ ಅರ್ಧಕ್ಕೆ ಮೆಕ್ಕೆಜೋಳ ಹರವಿದ್ದರು. ಅಲ್ಲಿ ಲಾರಿ ನಿಧಾನ ಹೋಗಬೇಕಿತ್ತು, ನಡುಕವಿರಲಿಲ್ಲ. ದಾವಣಗೆರೆ ಕಡೆಯ ಒಳ್ಳೆಯ ರಸ್ತೆ ಸಿಕ್ಕಿದ್ದೇ ಶುರುವಾಯಿತು. ಮೊದಲು ಸ್ಟೇರಿಂಗ್, ಆಮೇಲೆ ಸೀಟು, ಆಮೇಲೆ ನಾನು. ಮಡಿಲಲ್ಲಿದ್ದ ರೊಟ್ಟಿ ಡಬ್ಬಿಯ ಮುಚ್ಚಳ ತಾಳ ಹಾಕಿತು. ಕನ್ನಡಕ ಮೂಗಿನಿಂದ ಇಳಿದು ತುಟಿಯ ಮೇಲೆ ಕೂತಿತು.

"ಹೆ-ಹೆ-ಹೆಂಗೈತವ್ವ?" ಎಂದ ಹಾಲೇಶ.

"ಪ-ಪ-ಪರವಾಗಿಲ್ಲ," ಎಂದೆ.

ಹತ್ತು ಗಂಟೆಗೆ ತುಂಗಭದ್ರೆಯ ಸೇತುವೆ ದಾಟಿ ಹೊನ್ನಾಳಿ ಸೇರಿದೆವು. ಷೋರೂಮಿನ ನೆಲ ಎಷ್ಟು ನುಣುಪೆಂದರೆ ನಾನು ಚಪ್ಪಲಿ ಹೊರಗೆ ಬಿಟ್ಟೆ. ಮ್ಯಾನೇಜರ್ ಪ್ರಸನ್ನ ಎಂಬವರು ಎದ್ದು ನಿಂತು, "ಬರ್ರಿ ಓನರ್ ಅಮ್ಮಾರೆ, ಕುಂದರ್ರಿ," ಎಂದರು. ನಾನು ಹಿಂದೆ ತಿರುಗಿ ನೋಡಿದೆ. ಇನ್ಯಾರೋ ಓನರ್ ಬಂದಿರಬೇಕೆಂದುಕೊಂಡೆ.

ಹಾಲೇಶ ಕಥೆಯನ್ನೆಲ್ಲ ಹೇಳಿದ. ಪ್ರಸನ್ನ ನಗುತ್ತಲೇ ಕೇಳಿದರು. "ನಿಮ್ಮ ಜಗಳೂರು ಕಡೆ ರೋಡು ಹಂಗದಾವಲ್ರೀ," ಎಂದರು.

"ರೋಡು ಕೆಟ್ಟಲ್ಲಿ ನಡುಗಾಂಗಿಲ್ಲ ಸಾರ್, ಚೆನ್ನಾಗಿದ್ದಲ್ಲೇ ನಡುಗ್ತೈತೆ."

"ಖಾಲಿ ಗಾಡಿ ಹಂಗೆ ಮಾಡ್ತೈತೆ."

"ಲೋಡ್ ಇದ್ದಾಗ್ಲೇ ಮೊಟ್ಟೆ ಒಡೆದಿದ್ದು."

"ಹೊಸದಲ್ವಾ, ಎರಡು ಸರ್ವಿಸ್ ಆಗ್ಲಿ. ತಾನೇ ಪಳಗ್ತೈತೆ."

"ಏನ್ರೀ, ನಾನು ಲಾರಿ ತಗಂಡಿದ್ದೋ ಹೋರಿ ತಗಂಡಿದ್ದೋ?" ಎಂದು ಹಾಲೇಶ ಮೇಜು ಕುಟ್ಟಿದ. ಕಾರು ಕೊಳ್ಳಲು ಬಂದ ಮದುಮಗನ ಕಡೆಯವರು ತಿರುಗಿ ನೋಡಿದರು. ನಾನು ಸೆರಗಿನ ಅಂಚನ್ನು ಎಣಿಸುವವಳಂತೆ ತಲೆ ತಗ್ಗಿಸಿದೆ.

ಲಾರಿಗೆ ಲ್ಯಾಪ್‌ಟಾಪಿನ ವೈರು ಸಿಕ್ಕಿಸಿದರು. ಅದರಲ್ಲಿ ಎಲ್ಲ ಹಸಿರು ಬಂತು. "ನೋಡ್ರಿ, ಗಾಡಿಗೆ ಏನೂ ಆಗಿಲ್ಲ ಅಂತ ಗಾಡಿನೇ ಹೇಳ್ತೈತೆ," ಎಂದರು ಪ್ರಸನ್ನ. ಆಮೇಲೆ ತಾವೇ ಓಡಿಸಿ ತೋರಿಸುತ್ತೇನೆಂದು ನಮ್ಮನ್ನು ಕೂರಿಸಿಕೊಂಡು ಸಂತೆ ಬೀದಿಯಲ್ಲಿ ಮೂವತ್ತರ ವೇಗದಲ್ಲಿ ಎರಡು ಸುತ್ತು ಹಾಕಿದರು. ತೊಟ್ಟಿಲು ತೂಗಿದ ಹಾಗಿತ್ತು. "ಎಲ್ಲೈತ್ರೀ ನಡುಕ?" ಎಂದು ಕೇಳಿದರು. ಹಾಲೇಶನ ಮುಖ ಕೆಂಪಾಯಿತು. ನನ್ನ ಬಾಯಿಂದ ಹೇಗೋ, "ಐವತ್ತಕ್ಕೆ ಹೋಗಿ ನೋಡ್ರಪ್ಪ," ಎಂದು ಬಂದೇಬಿಟ್ಟಿತು. ಆ ಊರಿನಲ್ಲಿ ಅದು ನನ್ನ ಮೊದಲ ಮಾತು. ಓನರ್ ಹೇಳಿದ ಮೇಲೆ ಅವರು ಊರ ಹೊರಗೆ ತಂದು ಐವತ್ತಕ್ಕೆ ಒತ್ತಿದರು. ಅವರ ಜೇಬಿನ ಪೆನ್ನು ಕುಣಿದು ಕಾಲಡಿ ಬಿತ್ತು. ಬಾಯಿ ತೆರೆದರೆ ಹಲ್ಲು ಕಟಕಟ ಅನ್ನುತ್ತಿತ್ತು, ಮುಚ್ಚಿಕೊಂಡರು. ವಾಪಸು ಬಂದು ಇಳಿದ ಮೇಲೆ, "ನ್ಯಾಮತಿಗೆ ಹೋಗ್ರಿ. ನಮ್ಮ ವರ್ಕ್‌ಶಾಪ್ ಅಲ್ಲೈತೆ. ಗೌಸ್ ಮೇಸ್ತ್ರಿ ಅದಾರೆ. ನಾನೂ ಹಿಂದೆ ಬರ್ತೀನಿ," ಎಂದರು.

ಸೇತುವೆ ಕಡೆಯ ತಳ್ಳುಗಾಡಿಯಲ್ಲಿ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ತಿಂದು ನ್ಯಾಮತಿ ಸೇರಿದಾಗ ಹನ್ನೆರಡು ದಾಟಿತ್ತು. ದಾರಿಯಲ್ಲಿ ಸೂರಗೊಂಡನಕೊಪ್ಪದ ಕಡೆ ಹೊರಟ ಯಾತ್ರಿಕರ ಟೆಂಪೋ ಒಂದು ನಮ್ಮನ್ನು ಹಿಂದೆ ಹಾಕಿತು. ಅದರಲ್ಲಿದ್ದ ಹೆಂಗಸರು ನನ್ನ ತಲೆ ಅಲುಗುವುದನ್ನು ಕಂಡು, ನಾನು ತಲೆ ಬಾಗಿಸಿ ನಮಸ್ಕರಿಸುತ್ತಿದ್ದೇನೆ ಎಂದುಕೊಂಡು ತಿರುಗಿ ಕೈ ಮುಗಿದರು.

ಗೌಸ್ ಮೇಸ್ತ್ರಿಗೆ ಅರವತ್ತರ ಹತ್ತಿರ ವಯಸ್ಸು, ಬಿಳಿ ಗಡ್ಡ, ಮಾತು ಕಡಿಮೆ. ನನಗೆ ಒಂದು ಸ್ಟೂಲು ಒರೆಸಿ ಕೊಟ್ಟರು, ಚಹಾ ತರಿಸಿದರು. ಲಾರಿಯನ್ನು ಉದ್ದನೆಯ ಗುಂಡಿಯೊಂದರ ಮೇಲೆ ನಿಲ್ಲಿಸಿ, ತಾವು ಮೆಟ್ಟಿಲಿಳಿದು ಕೆಳಗಿನಿಂದ ನೋಡಿದರು. ಮೇಲೆ ಬಂದು ಕೈ ಒರೆಸಿಕೊಳ್ಳುತ್ತಾ, "ಅಮ್ಮಾ, ನಿಮ್ಮ ಮನೆದೇವರು ಯಾವುದು?" ಎಂದು ಕೇಳಿದರು.

"ವೀರಭದ್ರ," ಎಂದೆ.

"ಜೋರಿನ ದೇವರು," ಎಂದು ತಲೆಯಾಡಿಸಿ ಗಾಲಿಗಳ ಕಡೆ ಹೋದರು. ಲಾರಿಗೂ ಮನೆದೇವರಿಗೂ ಏನು ಸಂಬಂಧವೋ ನನಗೆ ತಿಳಿಯಲಿಲ್ಲ.

ಗಾಲಿಗಳನ್ನೆಲ್ಲ ಬಿಚ್ಚಿ ತೂಕ ಸರಿ ಮಾಡಿ ಹಾಕಿದರು. ಓಡಿಸಿದರು, ನಡುಗಿತು. ಮುಂದಿನ ಗಾಲಿ ಹಿಂದಕ್ಕೆ, ಹಿಂದಿನದು ಮುಂದಕ್ಕೆ ಹಾಕಿದರು. ನಡುಗಿತು. ಇಂಜಿನ್ ಕೂರುವ ರಬ್ಬರುಗಳನ್ನು ಹೊಸದು ಹಾಕಿದರು. ಮತ್ತಷ್ಟು ಚೆನ್ನಾಗಿ ನಡುಗಿತು. ಅಷ್ಟರಲ್ಲಿ ಪ್ರಸನ್ನ ಬಂದರು. ಮೂರು ಗಂಟೆಯಾಗಿತ್ತು. ಮಾರನೆಯ ಬೆಳಿಗ್ಗೆ ಮೊಟ್ಟೆ ತುಂಬಬೇಕು. ಹಾಲೇಶ ತಾಳ್ಮೆಗೆಟ್ಟ. ಕಾಗದ ಕೇಳಿ ಕೂತು ಕಂಪನಿಗೆ ದೂರು ಬರೆದ. ಕೆಟ್ಟ ಗಾಡಿ ಕೊಟ್ಟಿದ್ದಾರೆ, ಬದಲಿ ಗಾಡಿ ಬೇಕು, ಇಲ್ಲಿನ ಮೇಸ್ತ್ರಿಗೆ ಕೆಲಸ ಬರುವುದಿಲ್ಲ, ಅವರನ್ನು ತೆಗೆಯಬೇಕು ಎಂದೆಲ್ಲ ಬರೆದು, "ಸಹಿ ಹಾಕವ್ವ," ಎಂದು ನನ್ನ ಮುಂದಿಟ್ಟ.

ನಾನು ಓದಿದೆ. ಮೇಸ್ತ್ರಿಯನ್ನು ತೆಗೆಯಬೇಕೆಂಬ ಸಾಲಿಗೆ ಬಂದು ನಿಂತೆ. ಅವರು ಕೊಟ್ಟ ಸ್ಟೂಲಿನ ಮೇಲೆ ಕೂತು, ಅವರ ಚಹಾ ಕುಡಿದು, ಅವರ ಕೆಲಸ ಹೋಗುವ ಕಾಗದಕ್ಕೆ ಸಹಿ ಹಾಕಲು ಕೈ ಬರಲಿಲ್ಲ. ತಲೆ ಎತ್ತದೆ ಕೇಳಿದೆ. "ಮೇಸ್ತ್ರಿಗಳೇ, ಕೆಳಗೆ ಎಲ್ಲಾ ನೋಡಿದಿರಾ?"

"ನೋಡ್ದೆ ಅಮ್ಮಾ. ಆ ಉದ್ದನೆ ದಂಡಕ್ಕೆ ಕಟ್ಟಿರೋದೊಂದು ಬಿಟ್ಟು ಎಲ್ಲಾ ಮುಟ್ಟಿ ನೋಡ್ದೆ."

"ಅದನ್ಯಾಕೆ ಬಿಟ್ರಿ?"

"ಯಾರೋ ಹರಕೆ ಹೊತ್ತು ಕಟ್ಟಿರ್ತಾರೆ. ದೇವರದ್ದು ನಾನು ಬಿಚ್ಚಿ, ನಾಳೆ ಗಾಡಿ ಎಲ್ಲಾದ್ರೂ ಪಲ್ಟಿ ಆದ್ರೆ? ನಮ್ಮದಾಗ್ಲಿ ನಿಮ್ಮದಾಗ್ಲಿ, ತಾಯಿತ ಕಟ್ಟಿದವರೇ ಬಿಚ್ಚಬೇಕು."

ಪ್ರಸನ್ನ, "ಅದಾ? ಅದನ್ನ ಬೆಳಿಗ್ಗೆ ನಮ್ಮ ಷೋರೂಮ್ ಹುಡುಗರೂ ನೋಡಿದ್ರು. ಮನೆಯವರ ನಂಬಿಕೆ, ಮುಟ್ಟಬ್ಯಾಡ್ರಿ ಅಂತ ನಾನೇ ಹೇಳಿದ್ದೆ," ಎಂದರು.

ಹಾಲೇಶ ಬೆರಗಾಗಿ, "ಏನ್ರೀ, ಅದು ನೀವು ಕಟ್ಟಿದ್ದಲ್ವಾ? ಗಾಡಿ ಜೊತೆ ಪೂಜೆ ಫ್ರೀ ಅಂದಿದ್ರಲ್ಲ, ಅದರದ್ದೇ ಅಂತ ನಾನು ದಿನಾ ಕೈ ಮುಗೀತಿದ್ದೆ," ಎಂದ.

ಮೂವರೂ ಒಬ್ಬರ ಮುಖ ಒಬ್ಬರು ನೋಡಿದರು. ಆಮೇಲೆ ಗೌಸ್ ಮೇಸ್ತ್ರಿ ನಿಧಾನವಾಗಿ ಹೇಳಿದರು. "ಆ ದಂಡ ಬುಗುರಿ ಹಂಗೆ ತಿರುಗ್ತೈತೆ. ಒಂದು ಕಡೆ ಭಾರ ಕಟ್ಟಿದ್ರೆ ನಡುಗದೆ ಇನ್ನೇನು ಮಾಡ್ತೈತೆ? ನನಗೆ ಮೊದಲಿಂದ್ಲೂ ಅನುಮಾನ. ಹೇಳಾಕೆ ಧೈರ್ಯ ಬರಲಿಲ್ಲ."

ಹೇಳಲು ಧೈರ್ಯವಿಲ್ಲದವರಲ್ಲಿ ಇನ್ನೊಬ್ಬಳು ಸ್ಟೂಲಿನ ಮೇಲಿದ್ದಳು. ಪೆನ್ನು ಕೆಳಗಿಟ್ಟು, "ಕಟ್ಟಿದ್ದು ನಾನು," ಎಂದೆ. ಹೊರಗೆ ಹೋಗುತ್ತಿದ್ದ ಬಸ್ಸಿನ ಸದ್ದಿಗೆ ಅದು ಕೇಳಲಿಲ್ಲ. ಮತ್ತೆ ಹೇಳಬೇಕಾಯಿತು. ಎರಡನೆಯ ಸಲ ಕೂಗಿದಂತೆ ಬಂತು. ವರ್ಕ್‌ಶಾಪಿನಲ್ಲಿದ್ದ ಎಂಟೂ ಗಂಡಸರು ತಿರುಗಿದರು.

"ಅವ್ವಾ!" ಎಂದ ಹಾಲೇಶ.

ನಾನು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದೆ. ಗೌಸ್ ಮೇಸ್ತ್ರಿ ಗುಂಡಿಯ ಮೆಟ್ಟಿಲಿನ ಎಣ್ಣೆಯ ಮೇಲೆ ಒಂದು ಒಳ್ಳೆಯ ಗೋಣಿಚೀಲ ಹಾಸಿ, ಕೈಗೆ ಇಕ್ಕಳ ಕೊಟ್ಟು, ಉಳಿದವರಿಗೆ, "ಏಯ್, ಆ ಕಡೆ ತಿರುಗ್ರೋ," ಎಂದರು. ಅವರೆಲ್ಲ ಶಾಲೆಯ ಪ್ರಾರ್ಥನೆಗೆ ನಿಂತಂತೆ ಗೋಡೆಗೆ ಮುಖ ಮಾಡಿ ನಿಂತರು. ಗುಂಡಿಗೆ ಆರು ಮೆಟ್ಟಿಲು. ದಂಡ ನನ್ನ ತಲೆಯ ಮೇಲೆಯೇ ಇತ್ತು. ತಂತಿಯನ್ನು ನಾನೇ ಅಷ್ಟು ಗಟ್ಟಿ ಬಿಗಿದಿದ್ದೆ, ಬಿಚ್ಚುವಷ್ಟರಲ್ಲಿ ಬೆವೆತೆ. ಲಾಳಗಳು ಕೈಗೆ ಬಿದ್ದಾಗ ತಣ್ಣಗಿದ್ದವು. ಎತ್ತುಗಳ ಕಾಲಿನಲ್ಲಿದ್ದಾಗ ಅವು ನಡೆಸುತ್ತಿದ್ದವು. ಸೊಂಟಕ್ಕೆ ಕಟ್ಟಿದರೆ ನಿಮ್ಮ ಅಜ್ಜನೂ ನಡುಗುತ್ತಿದ್ದರೇನೋ ಅನ್ನಿಸಿ, ಆ ಗುಂಡಿಯಲ್ಲಿ ಒಬ್ಬಳೇ ನಗು ಬಂತು.

ಮೇಸ್ತ್ರಿ ಒಂದು ಲೋಟ ಚಹಾವನ್ನು ಲಾರಿಯ ಮುಂದಿನ ಹಲಗೆಯ ಮೇಲಿಟ್ಟು ಅರವತ್ತರ ವೇಗದಲ್ಲಿ ಓಡಿಸಿದರು. ಚಹಾದ ಕೆನೆ ಮುರಿಯಲಿಲ್ಲ. ಇಳಿದ ಮೇಲೆ ಅದನ್ನು ಹಾಲೇಶನ ಕೈಗೆ ಕೊಟ್ಟು, "ಕುಡೀರಿ. ಕೆಲಸ ಬರದೇ ಇರೋ ಮೇಸ್ತ್ರಿ ಚಹಾ," ಎಂದರು. ಹಾಲೇಶ ದೂರಿನ ಕಾಗದವನ್ನು ಎಂಟು ಮಡಿಕೆ ಮಾಡಿ ಜೇಬಿಗೆ ತುರುಕಿ, ತಲೆ ತಗ್ಗಿಸಿ ಕುಡಿದ. "ತಪ್ಪಾತು ಮೇಸ್ತ್ರಿ," ಎಂದ. ಪ್ರಸನ್ನನವರ ಮುಖದಲ್ಲಿ ಗೆದ್ದ ಕಳೆ ಇತ್ತು. ಆದರೆ ಕೆಲಸದ ಚೀಟಿಯಲ್ಲಿ ದೋಷ ಏನು, ಸರಿ ಮಾಡಿದವರು ಯಾರು ಎಂದು ಬರೆಯಲೇಬೇಕಿತ್ತು. ಪೆನ್ನು ಕಚ್ಚುತ್ತಾ ಬಹಳ ಹೊತ್ತು ಕೂತರು. ಕೊನೆಗೆ ದೋಷದ ಸಾಲು ಖಾಲಿ ಬಿಟ್ಟು, ಕೆಳಗೆ, "ಮಾಲೀಕರೇ ರಿಪೇರಿ ಮಾಡಿರುತ್ತಾರೆ," ಎಂದು ಬರೆದರು. ಅದಕ್ಕೆ ನಾನು ಸಂತೋಷದಿಂದ ಸಹಿ ಹಾಕಿದೆ.

ಸಂಜೆ ಚನ್ನಗಿರಿಯಲ್ಲಿ ಗಾಳಿ ಹಿಡಿಸಲು ನಿಂತೆವು. ಹೋದ ವಾರ ಗಾಲಿ ನೇರ ಮಾಡಿಕೊಟ್ಟಿದ್ದ ಟೈರ್ ಅಂಗಡಿಯವನು ಬಗ್ಗಿ ಕೆಳಗೆ ನೋಡಿ, "ಓ, ಬಿಚ್ಚಿದ್ರಾ? ಹರಕೆ ತೀರಿತೇನ್ರೀ?" ಎಂದ. ಹಾಲೇಶ ಸ್ಟೇರಿಂಗಿಗೆ ಹಣೆ ಹಚ್ಚಿದ.

ಉಬ್ರಾಣಿಯಲ್ಲಿ ಬಸಣ್ಣನವರ ಹೆಂಡತಿ ಬಿಸಿ ಮುದ್ದೆ, ಹುರುಳಿ ಸಾರು ಬಡಿಸಿದರು. ಬೆಳಿಗ್ಗೆ ಟ್ರೇಗಳನ್ನು ತುಂಬುವಾಗ ಬಸಣ್ಣನವರು ಒಂದೊಂದಕ್ಕೂ ಮಗಳನ್ನು ಗಂಡನ ಮನೆಗೆ ಕಳಿಸುವವರ ಮುಖ ಮಾಡುತ್ತಿದ್ದರು. ದಾರಿಯುದ್ದಕ್ಕೂ ನಾವಿಬ್ಬರೂ ಹಿಂದಿನ ಟ್ರೇಗಳ ಸದ್ದಿಗೇ ಕಿವಿ ಕೊಟ್ಟಿದ್ದೆವು. ದಾವಣಗೆರೆ ದಾಟಿ ಒಳ್ಳೆಯ ರಸ್ತೆಯಲ್ಲಿ ಐವತ್ತಾಯಿತು, ಅರವತ್ತಾಯಿತು. ರೊಟ್ಟಿ ಡಬ್ಬಿ ಸುಮ್ಮನಿತ್ತು.

ಜಗಳೂರಿನಲ್ಲಿ ಅಂಗಡಿಯವರು ಟ್ರೇಗಳನ್ನು ಒಂದೊಂದಾಗಿ ಇಳಿಸಿ ನೋಡಿದರು. ಒಂದಕ್ಕೂ ಬಿರುಕಿಲ್ಲ. ಕೊನೆಯ ಟ್ರೇಯಿಂದ ಒಂದನ್ನು ಎತ್ತಿ ಬಿಸಿಲಿಗೆ ಹಿಡಿದು ಪರೀಕ್ಷೆ ಮಾಡುತ್ತಿದ್ದ ಅಂಗಡಿಯವನ ಕೈಯಿಂದ ಅದು ಜಾರಿ ಅವನ ಚಪ್ಪಲಿಯ ಮೇಲೆ ಒಡೆಯಿತು.

"ಇದು ಲಾರಿದಲ್ಲ ಸ್ವಾಮಿ, ನಿಮ್ಮ ನಡುಕ," ಎಂದ ಹಾಲೇಶ. ಬುಧವಾರ ಬೆಳಿಗ್ಗೆಯಿಂದ ಅವನು ನಕ್ಕದ್ದು ಅದೇ ಮೊದಲು. ಬಸಣ್ಣನವರಿಗೆ ಅಲ್ಲಿಂದಲೇ ಫೋನು ಮಾಡಿದ. ಸೋಮವಾರದ ಲೋಡಿಗೂ ಬಾ ಎಂದರು.

ಸೊಕ್ಕೆಗೆ ಬಂದು ಇಳಿದಾಗ ಲಾರಿಯನ್ನು ಒಮ್ಮೆ ತಿರುಗಿ ನೋಡಿದೆ. ಬೇವಿನ ಮರದಡಿ ತಣ್ಣಗೆ ನಿಂತಿತ್ತು. ಲಾಳಗಳು ಈಗ ಅದರ ಸೀಟಿನ ಕೆಳಗಿವೆ. ಅಲ್ಲಿದ್ದರೆ ತೊಂದರೆಯಿಲ್ಲ ಎಂದು ಗೌಸ್ ಮೇಸ್ತ್ರಿಯ ಒಪ್ಪಿಗೆ ಪಡೆದೇ ಇಟ್ಟದ್ದು. ಕೆಲಸದ ಚೀಟಿ ನನ್ನ ಪೆಟ್ಟಿಗೆಯಲ್ಲಿದೆ, ಬೇಕಾದವರು ನೋಡಬಹುದು. ಮತ್ತೆ, ನಿಮ್ಮೈವರ ಸೊಂಟಕ್ಕೆ ಉಡಿದಾರ ಕಟ್ಟಿದವಳೂ ನಾನೇ. ಎಲ್ಲಾದರೂ ಬಿಗಿಯಾಗಿದ್ದರೆ ಅಜ್ಜಿ ಬೇಜಾರಾದಾಳೆಂದು ಸುಮ್ಮನಿರಬೇಡಿ, ಹೇಳಿ. ನಾನೇ ಬಂದು ಬಿಚ್ಚುತ್ತೇನೆ. ಈಗ ನನ್ನ ಹತ್ತಿರ ಇಕ್ಕಳವೂ ಇದೆ.