ಅಲುಗದ ಷೇರು

ಬೀಟಾ ಮೇಷ್ಟ್ರು ಮೇಷ್ಟ್ರೇ ಅಲ್ಲ. ಯಾವ ಶಾಲೆಯಲ್ಲೂ ಒಂದು ದಿನ ಪಾಠ ಮಾಡಿದವರಲ್ಲ. ಷೇರು ದಲ್ಲಾಳಿ ಕಚೇರಿಯೊಂದರ ಮೂರನೇ ಮಹಡಿಯಲ್ಲಿ, ಸರಿಯಾಗಿ ಮುಚ್ಚಲು ಬಾರದ ಕಿಟಕಿಯ ಪಕ್ಕ ಇಪ್ಪತ್ತಾರು ವರ್ಷ ಕೂತು, ಕೇಳಿದವರಿಗೂ ಕೇಳದವರಿಗೂ ಬೀಟಾ ಎಂದರೇನು ಎಂದು ವಿವರಿಸಿ ವಿವರಿಸಿ ಈ ಹೆಸರು ಸಂಪಾದಿಸಿಕೊಂಡರು. ಸಂಪಾದಿಸಿದ್ದರಲ್ಲಿ ಉಳಿದಿರುವುದು ಅದೊಂದೇ ಎಂದು ಅವರೇ ಹೇಳಿಕೊಳ್ಳುವುದುಂಟು. ಈಗ ವಯಸ್ಸು ಐವತ್ತೆಂಟು. ಸೊಂಟಕ್ಕೆ ಬೆಲ್ಟು ಬಂದಿದೆ. ಲಿಫ್ಟ್ ಕೆಟ್ಟ ದಿನ ಮೆಟ್ಟಿಲ ಮೇಲೆ ಎರಡು ಕಡೆ ನಿಂತು ಸುಧಾರಿಸಿಕೊಳ್ಳಬೇಕು.

ಅವರ ಕೆಲಸ ಶುಕ್ರವಾರದ ಹಾಳೆ. ಇನ್ನೂರು ಷೇರುಗಳ ಹೆಸರು, ಪ್ರತಿಯೊಂದರ ಮುಂದೆ ಎರಡು ಅಂಕಿ. ಒಂದು ಬೀಟಾ, ಇನ್ನೊಂದು ಆಲ್ಫಾ. ಓದುವವರು ಹೆಚ್ಚಿನವರು ನಿವೃತ್ತರು. ಹಾಳೆ ಕೈಗೆ ಬರುವ ಮೊದಲೇ ಕೆಳಗೆ ಬಂದು ನಿಂತಿರುತ್ತಾರೆ.

"ನೋಡಿ, ಇಡೀ ಮಾರುಕಟ್ಟೆ ಒಂದು ಮೆಟ್ಟಿಲು ಹತ್ತಿದ್ರೆ ಈ ಷೇರು ಎಷ್ಟು ಮೆಟ್ಟಿಲು ಹತ್ತುತ್ತೆ, ಅದು ಬೀಟಾ. ಎರಡು ಅಂತಿದ್ರೆ ಎರಡು ಹತ್ತುತ್ತೆ, ಬೀಳುವಾಗ್ಲೂ ಎರಡು ಉರುಳುತ್ತೆ. ಅಷ್ಟು ಎದೆ ಹೊಡ್ಕೊಂಡು ಕೂತಿದ್ದಕ್ಕೆ ನಮಗೆ ಇಂತಿಷ್ಟು ಕೂಲಿ ಅಂತ ಬರಬೇಕು. ಅದಕ್ಕಿಂತ ಹೆಚ್ಚಿಗೆ ಬಂದದ್ದು ಆಲ್ಫಾ. ಕಮ್ಮಿ ಬಂದ್ರೆ ಬಿಟ್ಟಿ ಚಾಕರಿ ಮಾಡಿದ್ದೀರಿ ಅಂತ ಅರ್ಥ." ದಿನಕ್ಕೆ ನಾಲ್ಕು ಸಲ ಇದೇ ಮಾತು. ಈಚೆಗೆ ಅವರ ಬಾಯಿ ಹೇಳುತ್ತಿರುತ್ತದೆ, ಅವರು ಬೇರೆಲ್ಲೋ ಇರುತ್ತಾರೆ.

ತಂಗಿ ನರ್ಸ್ ಆಗಿದ್ದವಳು. ಗಂಡ ತೀರಿಕೊಂಡು ವರ್ಷಗಳಾಗಿವೆ, ಮಕ್ಕಳಿಲ್ಲ. ಆರು ವರ್ಷದ ಹಿಂದೆ ಸ್ವಯಂನಿವೃತ್ತಿ ಪಡೆದಾಗ ಬಂದ ಗಂಟನ್ನು ತಂದು ಅಣ್ಣನ ಮುಂದಿಟ್ಟಿದ್ದಳು. "ನಂಗೆ ಇದೆಲ್ಲ ತಲೆಗೆ ಹತ್ತಲ್ಲ. ಎಲ್ಲಿ ಹಾಕ್ತೀಯೋ ಹಾಕು, ಮುಳುಗಿಸಬೇಡ ಅಷ್ಟೆ" ಎಂದಿದ್ದಳು. ಮೇಷ್ಟ್ರು ಹದಿನೈದು ದಿನ ಲೆಕ್ಕ ಹಾಕಿ ಒಂದು ಷೇರು ಆರಿಸಿದರು. ವಿದ್ಯುತ್ ಕಂಬಕ್ಕೆ ಕೂರಿಸುವ ಪಿಂಗಾಣಿ ಬಟ್ಟಲು ಮಾಡುವ ಹಳೇ ಕಾರ್ಖಾನೆಯದು. ಬೀಟಾ ಬರೀ ಸೊನ್ನೆ ಪಾಯಿಂಟ್ ಎರಡು. ಬ್ಯಾಂಕು ನೂರಕ್ಕೆ ಏಳು ಕೊಡುತ್ತಿದ್ದ ಕಾಲ, ಮಾರುಕಟ್ಟೆ ಹನ್ನೆರಡು ಕೊಟ್ಟಿತ್ತು. ಇಷ್ಟು ಸಾಧು ಷೇರಿನಿಂದ ಎಂಟು ಬಂದರೆ ಸಾಕಿತ್ತು, ಇದೂ ಹನ್ನೆರಡು ಕೊಟ್ಟಿತ್ತು. ಆಲ್ಫಾ ನಾಲ್ಕು! ಮೇಷ್ಟ್ರು ಅದನ್ನು ಹಾಳೆಯ ಮೇಲ್ಗಡೆ, 'ನಿಶ್ಚಿಂತೆಯ ಷೇರುಗಳು' ಎಂಬ ಚೌಕಟ್ಟಿನಲ್ಲಿ ಆಗಾಗ ಹಾಕತೊಡಗಿದರು. ತಂಗಿಗೆ ಒಳ್ಳೆಯದಾದದ್ದು ಊರಿಗೂ ಆಗಲಿ ಎಂದು.

ಪಿಂಚಣಿ ಬಾಡಿಗೆಗೆ ಸರಿಹೋಗುತ್ತಿತ್ತು. ಉಳಿದದ್ದಕ್ಕೆ ತಂಗಿ ಒಂದು ಖಾಸಗಿ ನರ್ಸಿಂಗ್ ಹೋಮಿನಲ್ಲಿ ವಾರಕ್ಕೆ ನಾಲ್ಕು ದಿನ ದುಡಿಯುತ್ತಿದ್ದಳು. ಮೊಣಕಾಲು ಎರಡೂ ಹೋಗಿದ್ದವು. ಷೇರು ಮಾರಿ ಬ್ಯಾಂಕಿನಲ್ಲಿಟ್ಟರೆ ಬಡ್ಡಿಯಲ್ಲಿ ಹೇಗೋ ನಡೆಯುತ್ತದೆ ಎಂದು ಲೆಕ್ಕ ಹಾಕಿ, ತಿಂಗಳ ಕೊನೆಗೆ ಕೆಲಸ ಬಿಡುತ್ತೇನೆಂದು ಮೇಟ್ರನ್‌ಗೆ ಹೇಳಿಯೂ ಬಿಟ್ಟಳು. "ಸೋಮವಾರ ಮಾರಿಬಿಡು ಅಣ್ಣಾ. ಸಾಕಾಯ್ತು ನಂಗೆ" ಎಂದಳು.

ಸೋಮವಾರ ಮೇಷ್ಟ್ರು ನಾಲ್ಕು ಸಾವಿರ ಷೇರಿನ ಚೀಟಿ ಬರೆದು ಡೀಲರಮ್ಮನ ಮೇಜಿಗೆ ಕೊಟ್ಟರು. ಕೊಳ್ಳುವ ಮಾರುವ ಆರ್ಡರ್ ಹಾಕುವವಳು ಅವಳೇ. ಗಂಟಲು ಮೊದಲ ಮಹಡಿಗೂ ಕೇಳುವಂಥದ್ದು.

"ಮೇಷ್ಟ್ರೇ, ಇದನ್ನ ಯಾರ ತಲೆಗೆ ಕಟ್ಲಿ? ಇಪ್ಪತ್ತೈದು ಷೇರು ಕೇಳ್ತಿರೋನು ಒಬ್ಬ ಇದಾನೆ, ಅಷ್ಟೇ."

"ಇನ್ನೂರ ಹತ್ತು ಅಂತ ಬೆಲೆ ತೋರಿಸ್ತಿದೆಯಲ್ಲಮ್ಮ."

"ಅದು ಹೋದ ಬುಧವಾರದ ಬೆಲೆ ಕಣ್ರೀ. ಆಮೇಲೆ ವ್ಯಾಪಾರನೇ ಆಗಿಲ್ಲ."

ಮೇಷ್ಟ್ರು ಚೀಟಿ ಅಲ್ಲೇ ಬಿಟ್ಟು ತಮ್ಮ ಮೇಜಿಗೆ ಮರಳಿದರು. ವ್ಯಾಪಾರವಾಗದ ದಿನ ತಮ್ಮ ಪಟ್ಟಿ ಏನು ಮಾಡುತ್ತದೆ ಎಂಬುದು ಅವರಿಗೊಬ್ಬರಿಗೇ ಗೊತ್ತಿತ್ತು. ಕೆಲಸಕ್ಕೆ ಸೇರಿದ ಹೊಸತರಲ್ಲಿ, ಬೆಲೆಯ ಕಾಲಮ್ಮಿನಲ್ಲಿ ಖಾಲಿ ಮನೆ ಕಂಡು ಯಜಮಾನರು ಎಲ್ಲರೆದುರು ಬೈದಿದ್ದರು. ಅಂದಿನಿಂದ ಖಾಲಿ ಬಂದಲ್ಲೆಲ್ಲ ಹಿಂದಿನ ದಿನದ ಬೆಲೆಯನ್ನೇ ತುಂಬುವ ಪದ್ಧತಿ ಮಾಡಿಕೊಂಡರು. ಮುಂದೆ ಕಂಪ್ಯೂಟರಿಗೂ ಅದನ್ನೇ ಕಲಿಸಿದರು, ಆಮೇಲೆ ಮರೆತರು. ಮಾರುಕಟ್ಟೆ ಕುಸಿದ ದಿನವೂ ಏರಿದ ದಿನವೂ ಈ ಷೇರು ನಿನ್ನೆಯ ಬೆಲೆಯಲ್ಲೇ ನಿಂತಿತ್ತು. ಲೆಕ್ಕ ಅದನ್ನು ಸಾಧು ಎಂದು ತಿಳಿಯಿತು. ಸಾಧುವೂ ಅಲ್ಲ ಸುಡುಗಾಡೂ ಅಲ್ಲ, ಯಾರೂ ಮುಟ್ಟಿಯೇ ಇರಲಿಲ್ಲ.

ಸಂಜೆಯವರೆಗೆ ಕೂತು, ತುಂಬಿದ ಬೆಲೆಗಳನ್ನೆಲ್ಲ ಕಿತ್ತುಹಾಕಿದರು. ವರ್ಷದ ಇನ್ನೂರೈವತ್ತು ದಿನದಲ್ಲಿ ನೂರ ನಲವತ್ತೊಂದು ದಿನ ಸುಳ್ಳು. ವ್ಯಾಪಾರವಾದ ದಿನದಿಂದ ಇನ್ನೊಂದು ವ್ಯಾಪಾರದ ದಿನಕ್ಕೆ ಅಳೆದಾಗ ಬೀಟಾ ಒಂದು ಪಾಯಿಂಟ್ ಆರು. ಅಂಥ ಷೇರು ಹದಿನೈದು ಕೊಡಬೇಕಿತ್ತು, ಕೊಟ್ಟದ್ದು ಹನ್ನೆರಡು. ಆಲ್ಫಾ ನಾಲ್ಕಲ್ಲ, ಮೈನಸ್ ಮೂರು. ತಂಗಿ ಆರು ವರ್ಷ ಬಿಟ್ಟಿ ಚಾಕರಿ ಮಾಡಿದ್ದಳು.

ಅಷ್ಟೋ ಇಷ್ಟೋ ಕೊಂಡವರು ಯಾರೆಂದು ನೋಡಿದರೆ ಇನ್ನೂ ನಾಚಿಕೆ. ಚೌಕಟ್ಟಿನಲ್ಲಿ ಬಂದ ವಾರ ಮಾತ್ರ ಐನೂರು ಆರುನೂರು ಷೇರು ಕೈ ಬದಲಾಗಿತ್ತು. ಕೊಂಡವರೆಲ್ಲ ಇದೇ ಕಚೇರಿಯ ಗಿರಾಕಿಗಳು, ಹಾಳೆ ಓದುವವರು.

ಡೀಲರಮ್ಮ ಕುರ್ಚಿ ಹತ್ತಿರ ಎಳೆದುಕೊಂಡಳು. ಅವಳಿಗೆ ಮೆಲ್ಲಗೆ ಮಾತಾಡಲು ಬರುತ್ತದೆಂದು ಮೇಷ್ಟ್ರಿಗೆ ಅವತ್ತೇ ಗೊತ್ತಾದದ್ದು. "ಎಂಟು ಶುಕ್ರವಾರ ಚೌಕಟ್ಟಿನಲ್ಲೇ ಇರಲಿ ಬಿಡಿ. ನಿಮ್ಮ ತಂಗಿದು ಚೂರು ಚೂರೇ ದಾಟಿಸಿಬಿಡ್ತೀನಿ. ಆಮೇಲೆ ನಿಮ್ಮ ತಪ್ಪೊಪ್ಪಿಗೆ ಬರ್ಕೊಳ್ಳಿ. ನಾನಂತೂ ಬಾಯಿಬಿಡಲ್ಲ."

ಅವಳು ಕೆಟ್ಟವಳಲ್ಲ. ಮೇಷ್ಟ್ರು ಮೂರು ದಿನ ಆ ಮಾತನ್ನೇ ನೆಚ್ಚಿಕೊಂಡು ಓಡಾಡಿದರು, ಅದೂ ನಿಜ.

ಗುರುವಾರ ಸಂಜೆ ತಂಗಿಯ ಮನೆಗೆ ಹೋದರು. ಇಸ್ತ್ರಿ ಅಂಗಡಿಯ ಮೇಲಿನ ಎರಡು ಕೋಣೆ, ನೆಲವೆಲ್ಲ ಬೆಚ್ಚಗೆ. ಅವಳು ಮಂಚದ ಮೇಲೆ ಕಾಲು ಚಾಚಿ ಮೊಣಕಾಲಿಗೆ ಬಿಸಿನೀರಿನ ಚೀಲ ಇಟ್ಟುಕೊಂಡಿದ್ದಳು. ಮೇಷ್ಟ್ರು ಒಂದನ್ನೂ ಮುಚ್ಚಿಡದೆ ಹೇಳಿದರು. ಡೀಲರಮ್ಮ ಹೇಳಿದ ದಾರಿಯನ್ನೂ ಹೇಳಿದರು.

ತಂಗಿ ಬಿಸಿನೀರಿನ ಚೀಲ ತೆಗೆದು ಪಕ್ಕಕ್ಕಿಟ್ಟಳು.

"ವಾರ್ಡಲ್ಲಿ ಅಳೋ ಮಗುನ ಆಮೇಲೆ ನೋಡ್ತಿದ್ವಿ ಅಣ್ಣಾ. ಸದ್ದೇ ಮಾಡದೆ ಮಲಗಿರೋದನ್ನ ಮೊದಲು ಮುಟ್ಟಿ ನೋಡ್ತಿದ್ವಿ. ಆರು ವರ್ಷ, ಒಂದು ಸಲ ಮುಟ್ಟಿ ನೋಡೋಕೆ ಆಗ್ಲಿಲ್ವಾ ನಿಂಗೆ?"

ಮೇಷ್ಟ್ರು ತಲೆ ತಗ್ಗಿಸಿದರು. "ಆಗಿಲ್ಲ. ಈಗ ಏನು ಮಾಡ್ಲಿ ಹೇಳು. ನೀನು ಹೇಳಿದ ಹಾಗೆ ಮಾಡ್ತೀನಿ."

ಅವಳಿಗೆ ಸಿಟ್ಟು ನೆತ್ತಿಗೇರಿದ್ದು ಆಗ. "ನಾನ್ಯಾಕೆ ಹೇಳ್ಲಿ? ಷೇರು ಆರಿಸುವಾಗ ನನ್ನ ಕೇಳಿದ್ಯಾ? ಅವರಿಗೆ ಮೋಸ ಮಾಡು ಅಂತ ನನ್ನ ಬಾಯಲ್ಲಿ ಹೇಳಿಸ್ಬೇಕು, ಇಲ್ಲಾ ನನ್ನ ದುಡ್ಡು ಹೋಗ್ಲಿ ಬಿಡು ಅಂತ ಹೇಳಿಸ್ಬೇಕು, ನೀನು ಹಾಯಾಗಿ ಹೋಗಿ ಮಲಗ್ಬೇಕು, ಅಲ್ವಾ? ತಪ್ಪು ನಿಂದು, ತೀರ್ಮಾನನೂ ನಿಂದೇ. ಏಳು, ಹೊರಡು."

ಮೇಷ್ಟ್ರು ಎದ್ದು ಹೊರಟರು. ಮನೆವರೆಗೂ ನಡೆದೇ ಹೋದರು. ದಾರಿಯುದ್ದಕ್ಕೂ ಒಂದು ಸಲ ತಂಗಿಯ ಮೊಣಕಾಲು, ಒಂದು ಸಲ ಕೆಳಗೆ ಹಾಳೆಗೆ ಕಾಯುತ್ತ ನಿಲ್ಲುವ ಮುಖಗಳು. ಮನೆ ಮುಟ್ಟಿದಾಗಲೂ ಯಾವುದೂ ಇತ್ಯರ್ಥವಾಗಿರಲಿಲ್ಲ.

ಶುಕ್ರವಾರ ಬೆಳಿಗ್ಗೆ ಹಾಳೆ ಅಚ್ಚಿಗೆ ಹೋಗುವ ಹತ್ತು ನಿಮಿಷ ಮೊದಲು, ಚೌಕಟ್ಟಿನಿಂದ ಆ ಷೇರನ್ನು ತೆಗೆದು ಅದೇ ಜಾಗದಲ್ಲಿ ನಾಲ್ಕು ಸಾಲು ಬರೆದರು. ವ್ಯಾಪಾರವಿಲ್ಲದ ದಿನ ನಾನು ಹಳೇ ಬೆಲೆ ತುಂಬುತ್ತಿದ್ದೆ, ಆದ್ದರಿಂದ ಬೀಟಾ ಸುಳ್ಳು, ಆಲ್ಫಾನೂ ಸುಳ್ಳು, ತಪ್ಪು ಪೂರ್ತಿ ನನ್ನದು. ಯಜಮಾನರು ಕೂಗಾಡಿದರು. ಗಿರಾಕಿಗಳು ಮಾರಲು ಮುಗಿಬಿದ್ದರು. ತಂಗಿಯ ಚೀಟಿಯೂ ಎಲ್ಲರದರ ಜೊತೆ ಸಾಲಿನಲ್ಲಿ ನಿಂತಿತು. ಮೂರು ವಾರದಲ್ಲಿ ಅವಳದು ಏಳುನೂರು ಷೇರು ಹೋಯಿತು. ಬೆಲೆ ನೂರ ಹದಿನೆಂಟಕ್ಕೆ ಬಂದು ಮತ್ತೆ ಅಲುಗದೆ ಕೂತಿತು.

ತಿಂಗಳ ಕೊನೆಯ ದಿನ ಮೇಷ್ಟ್ರು ಧೈರ್ಯ ಮಾಡಿ ತಂಗಿಯ ಮನೆಗೆ ಹೋದರು. ಅವಳು ಬಿಳಿ ಯೂನಿಫಾರ್ಮ್ ಹಾಕಿಕೊಂಡು, ಬಾಗಿಲಲ್ಲಿ ಕುರ್ಚಿ ಹಾಕಿ ಕೂತು ಬೂಟಿನ ದಾರ ಕಟ್ಟುತ್ತಿದ್ದಳು. ಬಗ್ಗಲು ಕಷ್ಟವಾಗುತ್ತಿತ್ತು. ಮೇಷ್ಟ್ರು ಕೆಳಗೆ ಕೂತು ತಾವೇ ಕಟ್ಟತೊಡಗಿದರು. ಅವಳು ಬೇಡವೆನ್ನಲಿಲ್ಲ.

"ಇವತ್ತಿಗೆ ಮುಗೀತು ಅಂದಿದ್ದೆಯಲ್ಲ ಪುಟ್ಟೀ. ಮೇಟ್ರನ್ ಮತ್ತೆ ಸೇರಿಸ್ಕೊಂಡ್ರಾ?"

"ನಾನು ಬಿಟ್ಟಿದ್ರೆ ತಾನೇ ಸೇರಿಸ್ಕೊಳ್ಳೋದು. ಬಿಡಲ್ಲ ಅಂತ ಆವತ್ತೇ ಫೋನ್ ಮಾಡಿ ಹೇಳ್ದೆ."

"ಯಾವತ್ತು?"

"ಅದೇ ಗುರುವಾರ. ನೀನು ಮೆಟ್ಟಿಲಿಳಿದು ಹೋದ್ಮೇಲೆ."

ಮೇಷ್ಟ್ರ ಕೈ ದಾರದಲ್ಲೇ ನಿಂತಿತು. "ಆವತ್ತಿನ್ನೂ ನಾನು ಏನೂ ತೀರ್ಮಾನ ಮಾಡಿರ್ಲಿಲ್ವಲ್ಲೇ."

"ನೀನು ಮಾಡಿರ್ಲಿಲ್ಲ" ಎನ್ನುತ್ತ ಅವಳು ಅಣ್ಣನ ಭುಜ ಹಿಡಿದು ನಿಧಾನಕ್ಕೆ ಎದ್ದು ನಿಂತಳು. "ನಂಗೆ ಗೊತ್ತಿತ್ತು."