ಒಣ ಹೊಲವೆಂದು ಹೇಳಿ ತಂದ ಬಿಲ್ಲೆಗಳು

ಕಾಲುವೆ ಬಂದು ನಮ್ಮ ಕಡೆಗೆ ಅನ್ನ ಕೊಟ್ಟಿತು ಎನ್ನುವವರ ಜೊತೆ ನಾನು ಜಗಳಕ್ಕೆ ಹೋಗುವುದಿಲ್ಲ. ಕೊಟ್ಟದ್ದು ನಿಜ. ಆದರೆ ಮೇಲಿನವರು ಭತ್ತಕ್ಕೆ ಬಿಟ್ಟ ನೀರು ಬಸಿದು ಬಂದು ನಿಂತದ್ದು ತಗ್ಗಿನಲ್ಲಿದ್ದ ನಮ್ಮ ಮೂರೆಕರೆಯಲ್ಲಿ. ಬಿಳಿಜೋಳ ಬೆಳೆಯುತ್ತಿದ್ದ ಎರೆಹೊಲ ನಾಲ್ಕೈದು ವರ್ಷಗಳಲ್ಲಿ ಜವಳು ಹಿಡಿಯಿತು. ಮೇಲೆ ಉಪ್ಪು, ಕೆಳಗೆ ರಾಡಿ. ನಮಗಿದ್ದದ್ದು ಅದೊಂದೇ ಹೊಲ.

ಅಪ್ಪ ಎತ್ತು ಮಾರಿ ಹಳೆಯದೊಂದು ಚಿಕ್ಕ ಟ್ರ್ಯಾಕ್ಟರ್ ತಂದಿದ್ದ. ಹೊಲಕ್ಕಿಳಿದರೆ ಅದರ ಹಿಂದಿನ ಗಾಲಿಗಳು ನಿಂತಲ್ಲೇ ಗರಗರ ತಿರುಗುತ್ತಿದ್ದವು. "ಭಾರ ಸಾಲವಲ್ದು," ಎಂದ ಅಪ್ಪ. ಕುಂಟೆ ನೆಲ ಹಿಡಿಯದಿದ್ದರೆ ಅದರ ಮೇಲೆ ಕಲ್ಲು ಹೇರುವುದು, ಕಲ್ಲಿಲ್ಲದಿದ್ದರೆ ನನ್ನನ್ನು ಕೂರಿಸುವುದು ಅವನಿಗೆ ಗೊತ್ತಿದ್ದ ಉಪಾಯ. ಚಿಕ್ಕವಳಿದ್ದಾಗ ನಾನು ಎಷ್ಟೋ ಎಕರೆ ಹಾಗೆ ಕೂತು ಹರಗಿಸಿದ್ದೇನೆ.

ಆಗ ನಾನು ಯಾದಗಿರಿಯ ಕಚೇರಿಯೊಂದರಲ್ಲಿ ಗುಮಾಸ್ತೆ. ದಿನಾ ದೋರನಹಳ್ಳಿಗೆ ನಡೆದು ಬಂದು ಬಸ್ಸು ಹಿಡಿಯುತ್ತಿದ್ದೆ. ಅಪ್ಪ ಒಂದು ಬೆಳಿಗ್ಗೆ ಹೇಳಿದ: "ಭಾರಕ್ಕಂತ ಗಾಲಿಗಿ ಹಾಕೋ ಬೀಡುಕಬ್ಬಿಣದ ಬಿಲ್ಲಿ ಸಿಗತಾವಂತ, ಕೇಳಿ ಬಾ. ನಮ್ದು ಹಸಿ ಹೊಲ ಅಂತ ಬಿಚ್ಚಿ ಹೇಳು, ಮುಚ್ಚಿಡಬ್ಯಾಡ."

ಹೊಲ ಜವಳಾಗಿದೆ ಎಂದು ಬಾಯಿಬಿಟ್ಟು ಹೇಳುವುದೆಂದರೆ ನಮ್ಮಲ್ಲಿ ಮನೆಯ ರೋಗ ಹೇಳಿಕೊಂಡಂತೆ. ಹೆಣ್ಣು ಕೊಡುವವರೂ ತರುವವರೂ ಮೊದಲು ಕೇಳುವುದು ಅದನ್ನೇ. ನನ್ನ ಹಣೆಬರಹಕ್ಕೆ, ಬಿಲ್ಲೆ ಕೇಳಲು ಹೋದ ಯಾದಗಿರಿಯ ಅಂಗಡಿಯಲ್ಲಿ, ಹಿಂದಿನ ವಾರವಷ್ಟೇ ನನ್ನನ್ನು ನೋಡಿಹೋಗಿದ್ದ ಮನೆಯ ಹಿರಿಯರೊಬ್ಬರು ಚಹಾ ಕುಡಿಯುತ್ತಾ ಕೂತಿದ್ದರು.

"ಹೊಲ ಹಸೀದೇನ್ರಿ, ಒಣದೇನ್ರಿ?" ಎಂದು ಅಂಗಡಿಯವನು ಕೇಳಿದ.

"ಒಣ ಹೊಲರಿ," ಎಂದೆ.

"ಹಂಗಾದ್ರ ಒಯ್ಯಿರಿ ಅಕ್ಕಾರ. ಹಸೀದಿದ್ರ ಮಾತ್ರ ಹಾಕಬ್ಯಾಡ್ರಿ, ಗಾಡಿ ಹುಗಿದು ಹೋಗ್ತದ. ಅದಕ್ಕ ಕಬ್ಬಿಣದ ಜಾಲರಿ ಗಾಲಿನೇ ಆಗಬೇಕು."

ಆ ಸಂಬಂಧ ಕೂಡಲಿಲ್ಲ, ಆ ಮಾತು ಬೇರೆ. ಅಂಗಡಿಯವನು ಕೊಟ್ಟ ಎಚ್ಚರಿಕೆಯನ್ನು ಮನೆಗೆ ಬಂದಾದರೂ ಅಪ್ಪನಿಗೆ ಹೇಳಬಹುದಿತ್ತು. ಹೇಳಿದರೆ ನನ್ನ ಸುಳ್ಳೂ ಹೊರಬೀಳುತ್ತಿತ್ತು. ಕಾಲುವೆಗೆ ನೀರು ಬಿಡುವುದು ನಿಂತು ತಿಂಗಳಾಗಿದೆ, ಹೊಲ ಮೇಲೆ ಬಿರುಕು ಬಿಟ್ಟಿದೆ, ಒಣಗಿರಬಹುದು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ.

ಅಂಗಡಿಯವನು ಬಿಲ್ಲೆಗಳನ್ನು ಟೆಂಪೋದಲ್ಲಿ ಹೇರಿ ಕಳಿಸಿದ. ಭಾನುವಾರ ಗಾಲಿಯನ್ನು ಜಾಕಿನ ಮೇಲೆ ಎತ್ತಿದೆವು. ಒಂದೊಂದು ಬಿಲ್ಲೆ ಎತ್ತಲೂ ಇಬ್ಬರು ಬೇಕು. ನಾನು ಒತ್ತಿ ಹಿಡಿದೆ, ಅಪ್ಪ ಪಾನಾ ಹಾಕಿ ಬೋಲ್ಟ್ ಬಿಗಿದ. ಕೊನೆಯ ಬೋಲ್ಟ್ ಬಿಗಿದು ಬಿಲ್ಲೆಯ ಮೇಲೆ ಅಂಗೈ ತಟ್ಟಿದ. ಎತ್ತುಗಳ ಬೆನ್ನನ್ನು ಅವನು ಹಾಗೇ ತಟ್ಟುತ್ತಿದ್ದ. "ಈಗ ನೋಡು ಮಜಾ," ಎಂದ. ಬದುವಿನ ಪಕ್ಕದ ಮೊದಲ ಸಾಲು ನಿಜವಾಗಿಯೂ ನೆಟ್ಟಗೆ ಬಂತು. ಗಾಲಿ ಜಾರಲಿಲ್ಲ. ಅಪ್ಪ ಹಿಂದಿರುಗಿ ನನ್ನತ್ತ ನೋಡಿ ನಕ್ಕ.

ಮೂರನೆಯ ಸಾಲಿನಲ್ಲಿ, ಹೊಲದ ನಡುವೆ, ಮೇಲಿನ ಒಣ ಪದರ ಒಡೆಯಿತು. ಗಾಲಿಗಳು ಅಚ್ಚಿನ ತನಕ ಇಳಿದವು. ಅಪ್ಪ ಎಕ್ಸಿಲರೇಟರ್ ಒತ್ತಿದಷ್ಟೂ ಗಾಡಿ ತನ್ನ ಗುಂಡಿ ತಾನೇ ತೋಡಿಕೊಂಡಿತು. ಸಂಜೆಗೆ ಮೇಲಿನ ಗದ್ದೆಯವರು ದೊಡ್ಡ ಟ್ರ್ಯಾಕ್ಟರ್ ತಂದು ಸರಪಳಿ ಹಾಕಿ ಎಳೆದರು. ಅವರ ಟ್ರ್ಯಾಕ್ಟರಿಗಿದ್ದದ್ದು ಜಾಲರಿ ಗಾಲಿ. ನನಗೆ ಅದರ ಕಡೆ ನೋಡಲಾಗಲಿಲ್ಲ.

ಅವರು ಹೋದ ಮೇಲೆ ಅಪ್ಪ ಬದುವಿನ ಮೇಲೆ ಕೂತು ಕಾಲಿನ ರಾಡಿ ಕೆರೆಯುತ್ತಾ ಕೇಳಿದ: "ಹಸಿ ಹೊಲ ಅಂತ ಹೇಳಿದ್ದಿಲ್ಲವಾ?"

"ಹೇಳಿದ್ನೆಪ್ಪ."

ಅಪ್ಪ ಕೈಗೆ ಹತ್ತಿದ ರಾಡಿಯನ್ನು ಬದುವಿನ ಹುಲ್ಲಿಗೆ ಒರೆಸಿದ. "ತಿಳಿದಾವ ಹಸಿ ಹೊಲ ಅಂತ ಕೇಳೇ ಇವನ್ನ ಕೊಟ್ಟಾನಂದ್ರ ಅಂಗಡಿಯವಂದೂ ತಪ್ಪಿಲ್ಲ, ನಂದೂ ತಪ್ಪಿಲ್ಲ, ಇದು ಹೊಲದ್ದೇ ತಪ್ಪು," ಎಂದ. "ಇದು ಸತ್ತದ ಬಿಡವಾ."

ಮರುದಿನದಿಂದ ಅವನು ಆ ಕಡೆ ಹೆಜ್ಜೆ ಹಾಕಲಿಲ್ಲ. ಟ್ರ್ಯಾಕ್ಟರ್ ಮಾರಿದ. ಬೇರೆಯವರ ಹೊಲಕ್ಕೆ ಕೂಲಿಗೆ ಹೋದ, ಕೈಲಾಗುವವರೆಗೂ ಹೋದ. ಈಗ ಅಪ್ಪ ಇಲ್ಲ. ಮೂರೆಕರೆಯ ತುಂಬ ಜೊಂಡು ಎದೆಮಟ್ಟ ನಿಂತಿದೆ. ಪಕ್ಕದವರು ಅಂಥದೇ ಹೊಲದಲ್ಲಿ ಜಾಲರಿ ಗಾಲಿ ಓಡಿಸಿ ವರ್ಷಕ್ಕೊಂದು ಬೆಳೆ ಭತ್ತ ತೆಗೆಯುತ್ತಿದ್ದಾರೆ. ಅದನ್ನು ಅಪ್ಪನೂ ಬದುವಿನ ಆಚೆಯಿಂದ ನೋಡಿದ್ದ. ನೋಡಿ, "ಅವರ ಹೊಲ ಛಲೋ ಅದ," ಎಂದಿದ್ದ. ಆಗಲೂ ನಾನು ಹೇಳಲಿಲ್ಲ.